ಸೈಕಲ್ ಸವಾರನೂ ಸ್ವಾತಿ ಮಳೆಯೂ

ತಲೆಗೆ ಟೋಪಿಯುಂಟು, ಮೈಗೆ ರೇನ್‌ಕೋಟು ಉಂಟು. ಆದರೆ ಸುರಿಯುವ ಮಳೆಯಲ್ಲಿ ಬೈಸಿಕಲ್ ತುಳಿಯುವವನ ಪಾದಗಳಿಗೆ ಯಾರು ದಿಕ್ಕು? ಇಷ್ಟು ಸಣ್ಣ ವಿಷಯಕ್ಕೆ ಒಂದು ಲೇಖನವೇ ಎಂದು ಓದುಗರು ನಕ್ಕಾರು. ನಾನೂ ಒಂದು ಕಾಲದಲ್ಲಿ ನಕ್ಕವನೇ. ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ಆ ನಗೆಯನ್ನು ನಿಲ್ಲಿಸಿತು. ಅದನ್ನು ಮುಂದೆ ಹೇಳುತ್ತೇನೆ.

ತುಮಕೂರು ಸೀಮೆ ಮಳೆಗೆ ಹೆಸರಾದುದಲ್ಲ. ಮುಂಗಾರಿನ ಮೋಡಗಳು ಪಶ್ಚಿಮ ಘಟ್ಟದಲ್ಲಿಯೇ ತಮ್ಮ ಹೊರೆಯನ್ನು ಬಹುಮಟ್ಟಿಗೆ ಇಳಿಸಿ, ಹಗುರವಾಗಿ ಇತ್ತ ಬರುತ್ತವೆ. ಆಷಾಢದಲ್ಲಿ ನಮಗೆ ದಕ್ಕುವುದು ಗಾಳಿಯೇ ಹೆಚ್ಚು, ಹನಿ ಕಡಿಮೆ. ನಮ್ಮ ನಿಜವಾದ ಮಳೆಗಾಲ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳು. ರೈತರ ಲೆಕ್ಕದಲ್ಲಿ ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. 2022ರಂತಹ ವರ್ಷದಲ್ಲಿ ಜಿಲ್ಲೆಯ ಕೆರೆಗಳು ಒಂದರ ಹಿಂದೊಂದು ಕೋಡಿ ಬಿದ್ದುದನ್ನು ಎಲ್ಲರೂ ಕಂಡಿದ್ದೇವೆ. ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರುಗಳ ಎತ್ತರದಲ್ಲಿದೆ. ಆದ್ದರಿಂದ ಸ್ವಾತಿಯ ಮಳೆ ನಿಲ್ಲುವಷ್ಟರಲ್ಲಿ ಚಳಿಯೂ ಬಾಗಿಲಿಗೆ ಬಂದಿರುತ್ತದೆ. ನೆನೆಯುವುದು, ನಡುಗುವುದು ಎರಡೂ ಸವಾರನಿಗೆ ಒಟ್ಟಿಗೇ ಒದಗುತ್ತವೆ.

ಈಗ ಸೈಕಲ್ ತುಳಿಯುವವರು ಎಲ್ಲಿದ್ದಾರೆ ಎಂದು ಕೇಳುವವರು ಬೆಳಗಿನ ಐದು ಗಂಟೆಗೆ ಬಿ.ಎಚ್. ರಸ್ತೆಯಲ್ಲಿ ನಿಂತು ನೋಡಬೇಕು. ಬೆಂಗಳೂರು-ಹೊನ್ನಾವರ ರಸ್ತೆಯೆಂಬ ಉದ್ದನೆಯ ಹೆಸರು ಸವೆದು ಬಿ.ಎಚ್. ಆಗಿರುವ ಈ ದಾರಿಯಲ್ಲಿ ಪತ್ರಿಕೆ ಹಂಚುವ ಹುಡುಗರು, ಸೊಪ್ಪು ಮಾರುವವರು, ಕಾರ್ಖಾನೆಯ ಪಾಳಿಗೆ ಹೊರಟವರು ಕಾಣಸಿಗುತ್ತಾರೆ. ಹೊತ್ತೇರಿದ ಮೇಲೆ ಹೆಗ್ಗೆರೆ, ಮಲ್ಲಸಂದ್ರದ ಕಡೆಯಲ್ಲಿಯೂ, ಕುಣಿಗಲ್ಲಿನ ದಾರಿಯಲ್ಲಿ ಹೆಬ್ಬೂರಿನ ಆಸುಪಾಸಿನಲ್ಲಿಯೂ ಶಾಲೆಯ ಮಕ್ಕಳು ಕಾಣುತ್ತಾರೆ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಬೈಸಿಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಪ್ರೌಢಶಾಲೆಯ ಮೆಟ್ಟಿಲು ಹತ್ತಿದುದು ಆ ಎರಡು ಚಕ್ರಗಳ ಬಲದಿಂದ.

ಇನ್ನು ನಮ್ಮ ಮನೆಯ ಸಂಗತಿ. ನನ್ನ ತಂದೆಯವರು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದರು. ಗುಬ್ಬಿಯ ಮನೆಯಿಂದ ಶಾಲೆಗೆ ಆರು ಕಿಲೋಮೀಟರು. ಹೋಗುವಾಗಲೂ ಬರುವಾಗಲೂ ಸೈಕಲ್ಲೇ. ಸುಮಾರು ಹದಿನೈದು ವರ್ಷಗಳ ಹಿಂದೆ, ಒಂದು ಸ್ವಾತಿ ಮಳೆಯ ವಾರ, ಅವರು ದಿನವೂ ನೆನೆದ ಬೂಟಿನಲ್ಲಿಯೇ ಪಾಠ ಮಾಡಿ ನೆನೆದ ಬೂಟಿನಲ್ಲಿಯೇ ಮನೆಗೆ ಬಂದರು. “ರೀ, ಬೂಟು ಇನ್ನೂ ಹಸಿಯಾಗಿದೆ, ಇವತ್ತು ಚಪ್ಪಲಿ ಹಾಕಿಕೊಂಡು ಹೋಗಿ” ಎಂದು ತಾಯಿ ಹೇಳಿದರೆ, “ಮೇಷ್ಟ್ರು ಚಪ್ಪಲಿಯಲ್ಲಿ ಹೋದರೆ ಮಕ್ಕಳಿಗೆ ಏನು ಹೇಳಿಕೊಟ್ಟ ಹಾಗಾಯಿತು?” ಎಂದು ಅವರು ಹೊರಟುಬಿಡುತ್ತಿದ್ದರು.

ಅವರಿಗೆ ಸಕ್ಕರೆ ಕಾಯಿಲೆಯಿತ್ತು. ಆ ಕಾಯಿಲೆ ಹಳತಾದರೆ ಪಾದದ ನರಗಳ ಅರಿವು ಕುಂದುವುದುಂಟು. ಬೂಟಿನೊಳಗೆ ಸೇರಿದ್ದ ಒಂದು ಕಡಲೆಕಾಳಿನಷ್ಟು ಕಲ್ಲು ನೆನೆದು ಮೆತ್ತಗಾಗಿದ್ದ ಚರ್ಮವನ್ನು ಉಜ್ಜಿ ಗುಳ್ಳೆ ಎಬ್ಬಿಸಿದುದು ಅವರಿಗೆ ತಿಳಿಯಲೇ ಇಲ್ಲ. ನೋವಿಲ್ಲದ ಕಾರಣ ಕಾಲನ್ನು ಯಾರೂ ನೋಡಲಿಲ್ಲ. ನೋಡಿದಾಗ ಅದು ಹುಣ್ಣಾಗಿತ್ತು. ಎರಡು ತಿಂಗಳು ಮಂಚ ಹಿಡಿದರು. ಎಡಗಾಲಿನ ಕಿರುಬೆರಳನ್ನು ವೈದ್ಯರು ತೆಗೆಯಬೇಕಾಯಿತು. ಕಾಲು ಉಳಿದುದೇ ಪುಣ್ಯವೆಂದು ನಾವು ಸಮಾಧಾನ ತಂದುಕೊಂಡೆವು. ಆದರೆ ಆ ವಾರ ದಿನಕ್ಕೊಂದು ಜೊತೆ ಒಣ ಕಾಲುಚೀಲ ಅವರ ಚೀಲದಲ್ಲಿದ್ದಿದ್ದರೆ ಎಂಬ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಆ ಮೇಲೆ ಅವರ ಸೈಕಲ್ಲನ್ನು ನಾನು ತುಳಿಯತೊಡಗಿದೆ. ಮೊದಲ ಮಳೆಯಲ್ಲಿಯೇ ಬೂಟು ತುಂಬ ನೀರು. ಸೈಕಲ್ ಶಾಪಿನ ಹಿರಿಯರೊಬ್ಬರು ನನ್ನ ಪ್ಯಾಂಟಿನ ಮೇಲಿನ ಕೆಸರಿನ ಗೆರೆಗಳನ್ನು ನೋಡಿ, “ಮೇಷ್ಟ್ರೇ, ನಿಮ್ಮ ಕಾಲು ನೆನೆಸಿದ್ದು ಮೋಡ ಅಲ್ಲ, ಈ ಮುಂದಿನ ಚಕ್ರ” ಎಂದರು. ವಿಚಾರ ಮಾಡಿದರೆ ಅವರ ಮಾತು ನೂರಕ್ಕೆ ನೂರು ಸತ್ಯ. ತಿರುಗುವ ಟೈರು ರಸ್ತೆಯ ನೀರನ್ನು ಎತ್ತಿಕೊಂಡು, ನೆಲ ಬಿಟ್ಟ ಕ್ಷಣದಲ್ಲಿಯೇ ಅದನ್ನು ಹಿಂದಕ್ಕೆ ಎಸೆಯತೊಡಗುತ್ತದೆ. ಹಿಂದೆ ಇರುವುದು ಪೆಡಲು. ಪೆಡಲಿನ ಮೇಲಿರುವುದು ನಮ್ಮ ಪಾದ. ಮಳೆ ನಿಂತ ಮೇಲೂ ಈ ಅಭಿಷೇಕ ನಿಲ್ಲುವುದಿಲ್ಲ.

ಹಳೆಯ ಕಾಲದ ಕಪ್ಪು ಸೈಕಲ್ಲನ್ನು ಮಾಡಿದವರು ಇದನ್ನು ಬಲ್ಲವರಾಗಿದ್ದರು. ಅದರ ಮಡ್‌ಗಾರ್ಡು ಚಕ್ರವನ್ನು ಉದ್ದಕ್ಕೂ ಆವರಿಸಿಕೊಂಡಿರುತ್ತದೆ. ಚೈನನ್ನು ಒಂದು ಕವಚ ಮುಚ್ಚಿರುತ್ತದೆ. ಈಗಿನ ಹುಡುಗರು ಮೆಚ್ಚುವ ಗೇರ್ ಸೈಕಲ್ಲುಗಳಲ್ಲಿ ಅನೇಕಕ್ಕೆ ಮಡ್‌ಗಾರ್ಡೇ ಇರುವುದಿಲ್ಲ. ಆ ಹಿರಿಯರು ನನಗೆ ಮಾಡಿಕೊಟ್ಟ ಉಪಾಯ ಇಷ್ಟೇ: ಹಳೆಯ ರಬ್ಬರಿನ ಒಂದು ತುಂಡನ್ನು ಅಂಗೈ ಅಗಲಕ್ಕೆ ಕತ್ತರಿಸಿ, ಮುಂದಿನ ಮಡ್‌ಗಾರ್ಡಿನ ಕೆಳತುದಿಗೆ ಬೋಲ್ಟು ಹಾಕಿ ಬಿಗಿದರು. ಅದು ನೆಲದಿಂದ ನಾಲ್ಕು ಬೆರಳಿನಷ್ಟು ಮೇಲೆ ತೂಗಾಡುತ್ತಿರಬೇಕು. ಹಂಪು ಬಂದರೆ ಬಾಗಿ ಎದ್ದುಕೊಳ್ಳುತ್ತದೆ. ಬಿರುಮಳೆಯನ್ನು ಅದು ತಡೆಯಲಾರದು. ಆದರೆ ರಸ್ತೆಯ ನೀರಿನ ಬಹುಭಾಗ ಅಲ್ಲಿಗೇ ನಿಲ್ಲುತ್ತದೆ.

ನೀರಿಗೆ ಇನ್ನೊಂದು ದಾರಿಯೂ ಉಂಟು. ಮೊಣಕಾಲಿನ ಮೇಲೆ ಬಿದ್ದ ಹನಿ ಕಾಲ ಗುಂಟ ಇಳಿದು ಬೂಟಿನ ಬಾಯಿಗೇ ಸೇರುತ್ತದೆ. ಗಂಬೂಟು ಹಾಕಿಕೊಂಡವರು ಮಳೆಯಂಗಿಯ ಪ್ಯಾಂಟನ್ನು ಅದರೊಳಗೆ ತುರುಕಿದರೆ, ಬೂಟು ಎರಡು ಗಡಿಗೆಗಳಾಗಿ ಮನೆಗೆ ನೀರು ಹೊತ್ತು ತರುತ್ತದೆ. ಮಾಡಿನ ಹೆಂಚು ಒಂದರ ಮೇಲೊಂದು ಇರುವಂತೆ ಪ್ಯಾಂಟಿನ ತುದಿ ಬೂಟಿನ ಹೊರಗೆ, ಅದರ ಮೇಲೆ ಇಳಿದಿರಬೇಕು. ಬಲಗಾಲಿನ ತುದಿಯನ್ನು ಒಂದು ಪಟ್ಟಿಯಿಂದ ಬಿಗಿದುಕೊಂಡರೆ ಚೈನಿಗೆ ಸಿಕ್ಕುವ ಭಯವಿಲ್ಲ.

ಇಷ್ಟೆಲ್ಲ ಮಾಡಿದರೂ ಹಸ್ತದ ಮಳೆಯಲ್ಲಿ ಒಂದು ಗಂಟೆ ತುಳಿದರೆ ಕಾಲು ನೆನೆದೇ ತೀರುತ್ತದೆ. ಆದ್ದರಿಂದ ನಮ್ಮ ಪ್ರಯತ್ನ ನೆನೆಯದಿರುವುದರಲ್ಲಿ ಮುಗಿಯಬಾರದು. ನೆನೆದ ಕಾಲು ಬಹಳ ಹೊತ್ತು ನೆನೆದೇ ಇರದಂತೆ ನೋಡಿಕೊಳ್ಳಬೇಕು. ಸೆಕೆಯಿರುವ ದಿನಗಳ ಮಳೆಗೆ ಹಿಮ್ಮಡಿಗೆ ಪಟ್ಟಿಯಿರುವ ರಬ್ಬರಿನ ಸ್ಯಾಂಡಲು ಮುಚ್ಚಿದ ಬೂಟಿಗಿಂತ ಉತ್ತಮ: ಬಂದ ನೀರು ಹೊರಟುಹೋಗುತ್ತದೆ. ಹವಾಯಿ ಚಪ್ಪಲಿ ಮಾತ್ರ ಬೇಡ. ನೆನೆದ ಪೆಡಲಿನ ಮೇಲೆ ಅದು ಜಾರಿ ಸವಾರನನ್ನು ಕೆಡವೀತು. ತಲುಪಿದೊಡನೆ ಕಾಲನ್ನು ತೊಳೆದು, ಬೆರಳುಗಳ ಸಂದಿಯನ್ನೂ ಬಿಡದೆ ಒರೆಸಿ, ಒಣ ಕಾಲುಚೀಲ ಹಾಕಿಕೊಳ್ಳಬೇಕು. ಬೆರಳ ಸಂದಿಯ ಕೆಸರುಹುಣ್ಣು ತೇವದಲ್ಲಿಯೇ ಬೆಳೆಯುವಂಥದು. ನಿಂತ ನೀರಿನಲ್ಲಿ ಇಲಿಗಳ ಮೂತ್ರ ಬೆರೆತಿದ್ದರೆ, ಗಾಯದ ಮೂಲಕ ಇಲಿಜ್ವರದ ಅಣುಜೀವಿ ಮೈಸೇರಬಹುದು. ಸೋಪು ಹಾಕಿ ಕಾಲು ತೊಳೆಯುವುದನ್ನು ಕೇವಲ ಮಡಿಯ ಮಾತೆಂದು ತಿಳಿಯಬಾರದು.

ಒಣ ಕಾಲುಚೀಲದ ಬೆಲೆಯನ್ನು ಜಗತ್ತು ಬಹಳ ದುಬಾರಿಯಾಗಿ ಕಲಿತಿದೆ. 1914ರಿಂದ 1918ರವರೆಗೆ ನಡೆದ ಮೊದಲ ಮಹಾಯುದ್ಧದಲ್ಲಿ, ಕಂದಕಗಳ ಕೆಸರುನೀರಿನಲ್ಲಿ ದಿನಗಟ್ಟಲೆ ನಿಂತ ಸಾವಿರಾರು ಸೈನಿಕರ ಪಾದಗಳು ಗುಂಡು ತಗಲದೆಯೇ ಕೊಳೆತವು. ನೀರು ಹೆಪ್ಪುಗಟ್ಟುವಷ್ಟು ಚಳಿ ಇದಕ್ಕೆ ಬೇಕಾಗಿಲ್ಲ. ತೇವ, ತಂಪು, ಬಿಗಿಯಾದ ಬೂಟು ಸೇರಿ ಬಹುಕಾಲ ಉಳಿದರೆ ಸಾಕು. ಬ್ರಿಟಿಷ್ ಸೈನ್ಯ ಕಡೆಗೆ ಕಂಡುಕೊಂಡ ಉಪಾಯಗಳು ಕಾಲಿಗೆ ತಿಮಿಂಗಿಲದ ಎಣ್ಣೆ ತಿಕ್ಕುವುದು, ಕಾಲುಚೀಲವನ್ನು ತಪ್ಪದೆ ಬದಲಾಯಿಸುವುದು, ಮತ್ತು ಸೈನಿಕರನ್ನು ಜೋಡಿಮಾಡಿ ಒಬ್ಬನ ಪಾದವನ್ನು ಇನ್ನೊಬ್ಬನು ನೋಡುವಂತೆ ಮಾಡುವುದು. ಈ ಕೊನೆಯದನ್ನು ಓದಿದಾಗ ನನಗೆ ತಂದೆಯವರ ನೆನಪಾಯಿತು. ಅವರ ಪಾದವನ್ನು ನೋಡಲು ನಾವು ಮನೆಯಲ್ಲಿ ಮೂವರಿದ್ದೆವು.

ಚಳಿಯ ಮಾತು ಬೇರೆ. ನೀರು ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಒಯ್ಯುತ್ತದೆ. ಆದ್ದರಿಂದಲೇ ಒಣಗಿದ ಕಾಲು ತಾನಾಗಿ ಅರ್ಧ ಬೆಚ್ಚಗಾಗಿರುತ್ತದೆ. ಹತ್ತಿಯ ಕಾಲುಚೀಲ ನೆನೆದರೆ ಚರ್ಮಕ್ಕೆ ಅಂಟಿ ತಣ್ಣಗೆ ಕೊರೆಯುತ್ತದೆ. ಉಣ್ಣೆಯ ಗುಣ ಹಾಗಲ್ಲ. ತನ್ನ ತೂಕದಲ್ಲಿ ನೂರಕ್ಕೆ ಸುಮಾರು 30 ಪಾಲಿನಷ್ಟು ತೇವವನ್ನು ಹೀರಿಕೊಂಡೂ ಅದು ಒದ್ದೆಯೆನಿಸುವುದಿಲ್ಲ. ಪೂರ್ತಿ ನೆನೆದರೂ ತನ್ನ ಎಳೆಗಳ ನಡುವೆ ಒಂದಿಷ್ಟು ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಜಿಲ್ಲೆಯ ಕುರಿಗಾಹಿಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಂಬಳಿಕೊಪ್ಪೆ ಹೊದ್ದು ಅವರು ಇಡೀ ದಿನ ಮಳೆಯಲ್ಲಿ ನಿಂತಿರುತ್ತಾರೆ.

ಬೆಚ್ಚಗಿರಲೆಂದು ಬಿಗಿಯಾದ ಬೂಟಿನೊಳಗೆ ಎರಡು ಕಾಲುಚೀಲ ತೊಡುವವರುಂಟು. ಇದರಿಂದ ರಕ್ತದ ಓಟ ಕುಗ್ಗಿ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಬೆರಳುಗಳನ್ನು ಆಡಿಸುವಷ್ಟು ಜಾಗ ಬೂಟಿನಲ್ಲಿರಬೇಕು. ಡಿಸೆಂಬರಿನ ಬೆಳಗಿನ ಇಬ್ಬನಿಯಲ್ಲಿ ಸವಾರನ ಬೆರಳ ತುದಿಯನ್ನು ಮರಗಟ್ಟಿಸುವುದು ಎದುರುಗಾಳಿ. ತೊಳೆದು ಒಣಗಿಸಿದ ಹಾಲಿನ ಕವರೊಂದನ್ನು ಕತ್ತರಿಸಿ, ಕಾಲುಚೀಲದ ಮೇಲೆ, ಬೂಟಿನ ಒಳಗೆ, ಬೆರಳುಗಳಿಗೆ ಮಾತ್ರ ತೊಡಿಸಿದರೆ ಗಾಳಿ ಒಳಗೆ ಸುಳಿಯುವುದಿಲ್ಲ. ಇಡೀ ಪಾದಕ್ಕೆ ಸುತ್ತಿದರೆ ಬೆವರಿನಿಂದಲೇ ಕಾಲು ನೆನೆಯುತ್ತದೆ. ಕಿವಿಯನ್ನೂ ಎದೆಯನ್ನೂ ಬೆಚ್ಚಗಿಡುವುದು ಪಾದಕ್ಕೂ ಉಪಕಾರ. ಒಡಲು ತಣ್ಣಗಾದಾಗ ದೇಹ ಮೊದಲು ಕೈಕಾಲುಗಳ ರಕ್ತವನ್ನು ಹಿಂದೆಗೆದುಕೊಳ್ಳುತ್ತದೆ.

ಮನೆಯ ಹೆಂಗಸರು ಈಗಾಗಲೇ ಬಲ್ಲ ಎರಡು ಮಾತುಗಳನ್ನು ಗಂಡಸರಿಗಾಗಿ ಹೇಳಬೇಕು. ನೆನೆದ ಬೂಟನ್ನು ಒಲೆಯ ಬಳಿ ಇಡಬಾರದು. ಚರ್ಮ ಬಿರುಕು ಬಿಡುತ್ತದೆ, ಅಟ್ಟೆ ಕಳಚುತ್ತದೆ. ಹಳೆಯ ವೃತ್ತಪತ್ರಿಕೆಯನ್ನು ಮುದುರಿ ಒಳಗೆ ತುಂಬಿ, ಅದು ಒದ್ದೆಯಾದಂತೆ ಬದಲಾಯಿಸುತ್ತ ಬಂದರೆ ಬೆಳಗಾಗುವಷ್ಟರಲ್ಲಿ ಬೂಟು ಬಹುಮಟ್ಟಿಗೆ ಒಣಗಿರುತ್ತದೆ. ಎರಡನೆಯದಾಗಿ, ಸಕ್ಕರೆ ಕಾಯಿಲೆಯವರು ಮರಗಟ್ಟಿದ ಕಾಲನ್ನು ಬಿಸಿನೀರಿನಲ್ಲಿ ಅದ್ದಬಾರದು. ಸುಟ್ಟರೂ ಅವರಿಗೆ ತಿಳಿಯದು. ತೊಳೆಯುವ ನೀರು ಎಷ್ಟು ಬಿಸಿಯೆಂಬುದನ್ನು ಮನೆಯ ಇನ್ನೊಬ್ಬರು ಕೈಯಿಟ್ಟು ನೋಡಬೇಕು.

ಕಳೆದ ವರ್ಷ ಚಿತ್ತೆಯ ಮಳೆಯಲ್ಲಿ ನನ್ನ ತರಗತಿಗೆ ಒಬ್ಬ ವಿದ್ಯಾರ್ಥಿನಿ ಹತ್ತು ನಿಮಿಷ ತಡವಾಗಿ ಬಂದಳು. ಹಳಗನ್ನಡದ ಪಾಠ ನಡೆದಿತ್ತು. ಹಿಂದಿನ ಬೆಂಚಿನಲ್ಲಿ ಕುಳಿತ ಅವಳ ಬೂಟಿನಿಂದ ನೀರು ಹರಿದು ಮುಂದಿನ ಬೆಂಚಿನ ತನಕ ಬಂದಿತು. ಅವಳು ನಾಚಿ ಕಾಲನ್ನು ಒಳಕ್ಕೆ ಎಳೆದುಕೊಂಡಳು. “ಬೂಟು ಕಳಚಿ ಜಗಲಿಯಲ್ಲಿಡಮ್ಮ, ಪಾಠಕ್ಕೆ ಬೂಟು ಬೇಕಾಗಿಲ್ಲ” ಎಂದೆ. ಅವಳ ಹಿಂದೆಯೇ ಇನ್ನೂ ಏಳು ಜನ ಎದ್ದು ಹೋಗಿ ಬೂಟು ಕಳಚಿಟ್ಟು ಬಂದರು. ಅಷ್ಟು ಹೊತ್ತು ಅವರೆಲ್ಲ ಸುಮ್ಮನೆ ಕುಳಿತಿದ್ದರು!

ಸರ್ಕಾರಿ ಶಾಲೆಯ ಮಕ್ಕಳಿಗೆ 2015-16ರಲ್ಲಿ ಆರಂಭವಾದ ಶೂ ಭಾಗ್ಯ ಯೋಜನೆಯಲ್ಲಿ ಒಂದು ಜೊತೆ ಬೂಟು, ಎರಡು ಜೊತೆ ಕಾಲುಚೀಲ ಎಂದು ಗೊತ್ತುಮಾಡಿದ್ದರು. ಒಂದಕ್ಕೆ ಎರಡು ಎಂಬ ಆ ಲೆಕ್ಕ ಬಹಳ ಸರಿಯಾದುದು. ಮಳೆಗಾಲದಲ್ಲಿ ಎರಡನೆಯ ಜೊತೆ ಮನೆಯ ಗೂಟದಲ್ಲಿರದೆ ಮಗುವಿನ ಪುಸ್ತಕದ ಚೀಲದಲ್ಲಿ, ಒಂದು ಒಣ ಕವರಿನೊಳಗೆ ಇರಲಿ. ನೆನೆದು ಬಂದ ಮಕ್ಕಳು ಬೂಟು ಕಳಚಿ ಕೂರಲು ಉಪಾಧ್ಯಾಯರು ಅಪ್ಪಣೆ ಕೊಡಲಿ.

ತಂದೆಯವರು ಈಗ ನಿವೃತ್ತರು. ಸಂಜೆ ದೀಪ ಹಚ್ಚಿದ ಮೇಲೆ ಕಾಲು ನೀಡಿ ಕೂರುತ್ತಾರೆ. ನನ್ನ ಎಂಟು ವರ್ಷದ ಮಗ ಟಾರ್ಚು ಹಿಡಿದು ಅಂಗಾಲು, ಹಿಮ್ಮಡಿ, ಬೆರಳ ಸಂದಿಗಳನ್ನೆಲ್ಲ ಪರೀಕ್ಷಿಸುತ್ತಾನೆ. “ಒಂಬತ್ತೂ ಸರಿಯಾಗಿವೆ, ತಾತ” ಎಂದು ಅವನು ವರದಿ ಒಪ್ಪಿಸಿದ ಮೇಲೆಯೇ ನಮ್ಮ ಮನೆಯಲ್ಲಿ ಊಟಕ್ಕೆ ಎಲೆ ಹಾಕುವುದು.