ಕಾರ್ಡಿದ್ದರೆ ಕರೆಂಟ್ ಫ್ರೀನಾ?

“ಕಾರ್ಡ್ ಇದೆಯಲ್ಲ, ಯಾವ ಆಸ್ಪತ್ರೆಯಲ್ಲಾದರೂ ಕರೆಂಟ್ ಕೊಡಿಸಬಹುದು.”

ಇಲ್ಲ. ಕರೆಂಟ್, ಅಂದರೆ ಕ್ಯಾನ್ಸರಿನ ವಿಕಿರಣ ಚಿಕಿತ್ಸೆ, ಬೇಕಾದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗೇ ಹೋಗಬೇಕು. ಖಾಸಗಿಗೆ ಹೋಗುವುದಾದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯೂ ಬೇಕು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ಏನೂ ಇಲ್ಲ ಅನ್ನುವುದೂ ಸುಳ್ಳೇ: ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ.

“ದುಡ್ಡು ಉಳಿಸೋಕೆ 25 ಸಿಟ್ಟಿಂಗ್ ಕೊಡೋದನ್ನ 15ಕ್ಕೇ ಮುಗಿಸಿಬಿಡ್ತಾರೆ.”

ಸ್ತನ ಕ್ಯಾನ್ಸರಿನ ರೋಗಿಗಳ ಮನೆಯವರಲ್ಲಿ ಈ ಅನುಮಾನ ಜಾಸ್ತಿ. 25 ದಿನಕ್ಕೆ 50 ಗ್ರೇ (ವಿಕಿರಣದ ಅಳತೆ) ಕೊಡುವ ಬದಲು 15 ದಿನಕ್ಕೆ 40 ಗ್ರೇ ಕೊಟ್ಟರೂ ಫಲಿತಾಂಶದಲ್ಲಿ ಹಿನ್ನಡೆಯಿಲ್ಲ ಎಂಬುದನ್ನು ಬ್ರಿಟನ್ನಿನ ‘ಸ್ಟಾರ್ಟ್’ ಪ್ರಯೋಗ 2008ರಲ್ಲೇ ತೋರಿಸಿತು. ಹತ್ತು ವರ್ಷದ ಲೆಕ್ಕವೂ ಅದನ್ನೇ ಹೇಳಿತು. ನಿಜವಾಗಿ ಅನುಮಾನಿಸಬೇಕಾದದ್ದು ಇದರ ಉಲ್ಟಾ. ಸಿಟ್ಟಿಂಗಿಗೆ ಇಷ್ಟು ಅಂತ ದುಡ್ಡು ಕೊಡುವ ಕರಾರಿನಲ್ಲಿ ದಿನ ಎಳೆದಷ್ಟೂ ಆಸ್ಪತ್ರೆಗೆ ಲಾಭ. ಇಡೀ ಕೋರ್ಸಿಗೆ ಒಂದೇ ದರವಾದರೆ ಆ ಆಸೆ ಇರುವುದಿಲ್ಲ. ದಿನಗೂಲಿ ಬಿಟ್ಟು ಜೊತೆಗೆ ಬಂದ ಗಂಡನಿಗಂತೂ ಹತ್ತು ದಿನ ಉಳಿದರೆ ಸಣ್ಣ ಮಾತಲ್ಲ.

“ಜಿಲ್ಲೆಗೊಂದು ಮೆಷಿನ್ ಕೊಡಿಸಿದರೆ ಮುಗೀತು.”

ಟೆಂಡರ್ ಕರೆಯುವವರಿಗೂ ಹೀಗೇ ಅನ್ನಿಸುವುದುಂಟು. ವಿಕಿರಣ ಕೊಡುವ ಲೀನಿಯರ್ ಆಕ್ಸಿಲರೇಟರ್ ಯಂತ್ರ ಕೂರಿಸಲು ಒಂದೆರಡು ಮೀಟರ್ ದಪ್ಪದ ಕಾಂಕ್ರೀಟ್ ಗೋಡೆಯ ಬಂಕರ್ ಬೇಕು, ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು, ಡೋಸ್ ಲೆಕ್ಕ ಹಾಕುವ ಮೆಡಿಕಲ್ ಫಿಸಿಸಿಸ್ಟ್ ಬೇಕು. ಆತ ಇಲ್ಲದಿದ್ದರೆ ಕೋಟಿಗಟ್ಟಲೆ ಬೆಲೆಯ ಯಂತ್ರಕ್ಕೆ ಬೀಗವೇ ಗತಿ. ಕೋಬಾಲ್ಟ್ ಯಂತ್ರ ಅಗ್ಗ ಎನ್ನುತ್ತಾರೆ, ಸರಿ. ಆದರೆ ಅದರ ವಿಕಿರಣ ಮೂಲ ಸುಮಾರು 5.3 ವರ್ಷಕ್ಕೆ ಅರ್ಧ ಕುಂದುತ್ತದೆ. ಆಗ ಅದೇ ಡೋಸಿಗೆ ರೋಗಿ ಯಂತ್ರದಡಿ ಎರಡರಷ್ಟು ಹೊತ್ತು ಮಲಗಬೇಕು, ಹೊರಗಿನ ಸಾಲೂ ಬೆಳೆಯುತ್ತದೆ. ಹೊಸ ಮೂಲ ಹಾಕಿಸುವ ಖರ್ಚು ಯಾರದು ಅಂತ ಮೊದಲ ದಿನವೇ ಕರಾರಿನಲ್ಲಿ ಬರೆದಿರಬೇಕು.

“ಪ್ಯಾಕೇಜ್ ಅಂದ ಮೇಲೆ ಎಲ್ಲಾ ಸೇರಿತು.”

ಚಿಕಿತ್ಸೆ ಸೇರಿತು. ಮೂರು ವಾರದ ರೂಂ ಬಾಡಿಗೆ, ಜೊತೆಗಿದ್ದವರ ಊಟ ಸೇರಿಲ್ಲ. ಧರ್ಮಶಾಲೆಯಲ್ಲಿ ಜಾಗ ಇದೆಯಾ ಅಂತ ಮೊದಲೇ ವಿಚಾರಿಸಿಕೊಳ್ಳಿ. ರೈಲಿನಲ್ಲಿ ರೋಗಿಗೂ ಜೊತೆಯ ಒಬ್ಬರಿಗೂ ರಿಯಾಯಿತಿ ಇದೆ. ಪ್ಯಾಕೇಜಿನೊಳಗಿನ ಚಿಕಿತ್ಸೆಗೆ ಬಿಪಿಎಲ್ ರೋಗಿಯಿಂದ ಮೇಲೆ ದುಡ್ಡು ಕೇಳಿದರೆ ಯೋಜನೆಯ ಸಹಾಯಕರಾದ ಆರೋಗ್ಯ ಮಿತ್ರರಿಗೆ ಹೇಳಿ, ಇಲ್ಲವೇ 14555ಕ್ಕೆ ಫೋನ್ ಮಾಡಿ. ರಸೀದಿ ಮಾತ್ರ ಎಸೆಯಬೇಡಿ.