ಗಿಟಾರ್ ಆಂಪ್ಲಿಫೈಯರಿನ ಹಿಂಬದಿಯ ಆ ಎರಡು ಜ್ಯಾಕ್‌ಗಳು ಯಾವುದಕ್ಕೆ?

ಹತ್ತಾರು ಬಗೆಯ ಧ್ವನಿ ಪರಿಣಾಮಗಳನ್ನು ಒಂದೇ ಪೆಟ್ಟಿಗೆಯಲ್ಲಿ ಅಡಗಿಸಿಕೊಂಡಿರುವ ಮಲ್ಟಿ-ಎಫೆಕ್ಟ್ಸ್ ಪೆಡಲ್ ಇಂದು ಎಲೆಕ್ಟ್ರಿಕ್ ಗಿಟಾರ್ ವಾದಕರ ನಿತ್ಯದ ಸಂಗಾತಿಯಾಗಿದೆ. ರಸಮಂಜರಿ ಕಾರ್ಯಕ್ರಮದಲ್ಲಿ ಒಂದು ಹಾಡಿಗೆ ಮೃದುವಾದ ಕೋರಸ್, ಅದರ ಬೆನ್ನಿಗೇ ಬರುವ ಇನ್ನೊಂದು ಹಾಡಿಗೆ ರಾಕ್ ಸಂಗೀತದ ಒಡಕು ದನಿ ಬೇಕಾದಾಗ ಕಾಲಿನಲ್ಲಿ ಒಮ್ಮೆ ಒತ್ತಿದರೆ ಕೆಲಸ ಮುಗಿಯುತ್ತದೆ. ಆದರೆ ಹಣ ಕೂಡಿಟ್ಟು ಇಂತಹ ಪೆಡಲ್ ಕೊಂಡು, ಅದನ್ನು ಒಳ್ಳೆಯ ಆಂಪ್ಲಿಫೈಯರಿಗೆ ಜೋಡಿಸಿದ ಮೇಲೆ ಧ್ವನಿ ಕಲಸುಮೇಲೋಗರವಾಗುತ್ತದೆ ಎಂಬ ದೂರು ಬಹಳ ಸಾಮಾನ್ಯ. ಪೆಡಲೇ ಕಳಪೆ ಎಂದು ತೀರ್ಮಾನಿಸಿ ಅರ್ಧ ಬೆಲೆಗೆ ಮಾರಿಬಿಡುವವರೂ ಇದ್ದಾರೆ. ವಾಸ್ತವದಲ್ಲಿ ಅನೇಕ ಸಲ ದೋಷವಿರುವುದು ಪೆಡಲಿನಲ್ಲಲ್ಲ, ಕೇಬಲನ್ನು ಯಾವ ಜ್ಯಾಕ್‌ಗೆ ಚುಚ್ಚಲಾಗಿದೆ ಎಂಬುದರಲ್ಲಿ.

ಹೆಚ್ಚಿನವರು ಗಿಟಾರನ್ನು ಪೆಡಲಿಗೂ, ಪೆಡಲನ್ನು ಆಂಪ್ಲಿಫೈಯರಿನ ಮುಂಬದಿಯ ಇನ್‌ಪುಟ್‌ಗೂ ಜೋಡಿಸುತ್ತಾರೆ. ಹಿಂಬದಿಯಲ್ಲಿ 'ಸೆಂಡ್', 'ರಿಟರ್ನ್' ಎಂದು ಬರೆದಿರುವ ಎರಡು ಜ್ಯಾಕ್‌ಗಳತ್ತ ಗಮನ ಹೋಗುವುದಿಲ್ಲ. ಇವೆರಡನ್ನು ಸೇರಿಸಿ ಎಫೆಕ್ಟ್ಸ್ ಲೂಪ್ ಎಂದು ಕರೆಯುತ್ತಾರೆ.

ಒಂದೇ ಪೆಟ್ಟಿಗೆ, ಎರಡು ಘಟ್ಟ

ಗಿಟಾರ್ ಆಂಪ್ಲಿಫೈಯರ್ ಹೊರನೋಟಕ್ಕೆ ಒಂದೇ ಯಂತ್ರವಾದರೂ ಅದರೊಳಗೆ ಎರಡು ಘಟ್ಟಗಳಿವೆ. ಮೊದಲನೆಯದು ಪ್ರೀ-ಆಂಪ್. ಗಿಟಾರಿನ ಪಿಕಪ್‌ನಿಂದ ಬರುವ ಕ್ಷೀಣ ಸಂಕೇತವನ್ನು ಬಲಪಡಿಸುವುದು, ಬೇಸ್, ಮಿಡ್, ಟ್ರೆಬಲ್‌ಗಳನ್ನು ಹದಗೊಳಿಸುವುದು, ಗೇನ್ ಗುಂಡಿಯನ್ನು ಏರಿಸಿದಾಗ ಡಿಸ್ಟಾರ್ಷನ್ ಎಂಬ ಒಡಕು ದನಿಯನ್ನು ಹುಟ್ಟಿಸುವುದು ಇದರ ಕೆಲಸ. ಎರಡನೆಯದು ಪವರ್ ಆಂಪ್. ಹದಗೊಂಡು ಬಂದ ಸಂಕೇತಕ್ಕೆ ಸ್ಪೀಕರನ್ನು ಅಲುಗಾಡಿಸುವಷ್ಟು ಶಕ್ತಿ ತುಂಬುವುದು ಇದರ ಹೊಣೆ. ಸೆಂಡ್ ಎಂಬುದು ಪ್ರೀ-ಆಂಪ್‌ನಿಂದ ಹೊರಬರುವ ಬಾಗಿಲಾದರೆ, ರಿಟರ್ನ್ ಎಂಬುದು ಪವರ್ ಆಂಪ್ ಒಳಹೋಗುವ ಬಾಗಿಲು. ಎಲ್ಲ ಕಂಪನಿಗಳೂ ಇವನ್ನು ಒಂದೇ ಹೆಸರಿನಿಂದ ಕರೆಯುವುದಿಲ್ಲ. ಫೆಂಡರ್ ಕಂಪನಿಯ ಹಾಟ್ ರಾಡ್ ಡಿಲಕ್ಸ್ ಆಂಪ್ಲಿಫೈಯರಿನಲ್ಲಿ ಇವುಗಳ ಹೆಸರು 'ಪ್ರೀಆಂಪ್ ಔಟ್' ಮತ್ತು 'ಪವರ್ ಆಂಪ್ ಇನ್'.

ಈ ಬಾಗಿಲುಗಳು ಏಕೆ ಬೇಕಾದವು ಎಂಬುದನ್ನು ತಿಳಿಯಲು ವಿಜಯಪುರದ ಗೋಲಗುಮ್ಮಟವನ್ನು ನೆನಪಿಸಿಕೊಂಡರೆ ಸಾಕು. ಅಲ್ಲಿ ಮೊದಲು ಕೂಗು ಹೊರಡುತ್ತದೆ, ಆಮೇಲೆ ಗುಮ್ಮಟ ಅದನ್ನು ಹಲವು ಬಾರಿ ಮರಳಿಸುತ್ತದೆ. ಕೂಗಿದವನ ಗಂಟಲು ಒಡಕಾಗಿದ್ದರೂ ಪ್ರತಿಧ್ವನಿಗಳು ಒಂದೊಂದಾಗಿ, ಕ್ರಮೇಣ ಕ್ಷೀಣಿಸುತ್ತ, ಸ್ಪಷ್ಟವಾಗಿ ಕೇಳಿಸುತ್ತವೆ. ಈಗ ಕ್ರಮವನ್ನು ತಿರುಗಿಸಿ ನೋಡಿ. ಗುಮ್ಮಟದ ಪ್ರತಿಧ್ವನಿಗಳನ್ನೆಲ್ಲ ಒಂದು ಮೈಕಿನಲ್ಲಿ ಹಿಡಿದು, ಹಳೆಯ ಕಹಳೆ ಸ್ಪೀಕರಿನಲ್ಲಿ ಒಡೆದುಹೋಗುವಷ್ಟು ಜೋರಾಗಿ ಬಿಟ್ಟರೆ ಏನಾದೀತು? ಯಾವುದು ಕೂಗು, ಯಾವುದು ಪ್ರತಿಧ್ವನಿ ಎಂಬುದೇ ತಿಳಿಯದು.

ಡಿಲೇ, ರಿವರ್ಬ್‌ಗಳನ್ನು ಆಂಪ್ಲಿಫೈಯರಿನ ಮುಂದೆ ಇಟ್ಟು ಗೇನ್ ಏರಿಸಿದಾಗ ನಡೆಯುವುದು ಇದೇ. ಡಿಸ್ಟಾರ್ಷನ್ ಎಂದರೆ ಸಂಕೇತದ ತುದಿಗಳನ್ನು ಕತ್ತರಿಸಿ ಚಪ್ಪಟೆ ಮಾಡುವ ಕ್ರಿಯೆ. ಅದರಲ್ಲಿ ದೊಡ್ಡ ಧ್ವನಿ ತಗ್ಗುತ್ತದೆ, ಸಣ್ಣ ಧ್ವನಿ ಮೇಲೇರುತ್ತದೆ. ಆದ್ದರಿಂದ ಮೆಲ್ಲನೆ ಮರೆಯಾಗಬೇಕಿದ್ದ ಪ್ರತಿಧ್ವನಿ ಮೂಲ ಸ್ವರದಷ್ಟೇ ಜೋರಾಗಿ ಎದ್ದು ನಿಲ್ಲುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. 220 ಹರ್ಟ್ಜ್‌ನ ಒಂದು ಸ್ವರದ ಪ್ರತಿಧ್ವನಿ ಇನ್ನೂ ಮೊಳಗುತ್ತಿರುವಾಗ ವಾದಕ 247 ಹರ್ಟ್ಜ್‌ನ ಮುಂದಿನ ಸ್ವರವನ್ನು ನುಡಿಸಿದನೆಂದುಕೊಳ್ಳೋಣ. ಎರಡೂ ಒಟ್ಟಿಗೆ ಡಿಸ್ಟಾರ್ಷನ್ ಒಳಗೆ ಹೊಕ್ಕರೆ 193, 274 ಹರ್ಟ್ಜ್‌ನಂತಹ, ಸ್ವರಸ್ಥಾನದಿಂದ ಸರಿದ ಹೊಸ ಕಂಪನಗಳು ಹುಟ್ಟಿಕೊಳ್ಳುತ್ತವೆ. ಅವನ್ನು ಯಾರೂ ನುಡಿಸಿರುವುದಿಲ್ಲ. ಕಿವಿಗೆ ಕೆಸರಿನಂತೆ ಕೇಳಿಸುವುದು ಅವೇ. ಡಿಸ್ಟಾರ್ಷನ್ ಆದ ನಂತರ ಪ್ರತಿಧ್ವನಿ ಸೇರಿದರೆ ಈ ಸಂಕರ ಉಂಟಾಗುವುದಿಲ್ಲ.

ಇದಕ್ಕೆ ವಿರುದ್ಧವಾಗಿ ವಾ, ಕಂಪ್ರೆಸರ್, ಓವರ್‌ಡ್ರೈವ್‌ಗಳು ಪ್ರೀ-ಆಂಪ್‌ಗೆ ಮೊದಲೇ ಇರಬೇಕು. ಗಿಟಾರಿನ ಸಂಕೇತವನ್ನು ತಿದ್ದಿ ಪ್ರೀ-ಆಂಪನ್ನು ಕೆಣಕುವುದೇ ಅವುಗಳ ಉದ್ದೇಶ. ಕೋರಸ್, ಫೇಸರ್‌ಗಳ ವಿಷಯದಲ್ಲಿ ಅಭಿರುಚಿಯೇ ನಿಯಮ.

ಸಮಸ್ಯೆ ಬಂದದ್ದೆಲ್ಲಿಂದ?

ಇಂಗ್ಲೆಂಡಿನ ಮಾರ್ಷಲ್ ಕಂಪನಿ 1960ರ ದಶಕದಲ್ಲಿ ತಯಾರಿಸಿದ ಆಂಪ್ಲಿಫೈಯರುಗಳಲ್ಲಿ ಒಡಕು ದನಿ ಬೇಕಾದರೆ ವಾಲ್ಯೂಮನ್ನು ಬಹಳ ಏರಿಸಬೇಕಾಗಿತ್ತು. ಇಡೀ ಯಂತ್ರವೇ ದಣಿದಾಗ ಹುಟ್ಟುತ್ತಿದ್ದ ಧ್ವನಿ ಅದು. 1975ರಲ್ಲಿ ಅದೇ ಕಂಪನಿಯ 2203 ಮಾದರಿ ಮಾಸ್ಟರ್ ವಾಲ್ಯೂಮ್ ಗುಂಡಿಯೊಂದಿಗೆ ಬಂತು. ಅದರಿಂದ ಕಡಿಮೆ ಸದ್ದಿನಲ್ಲೂ ಪ್ರೀ-ಆಂಪ್‌ನಲ್ಲೇ ಡಿಸ್ಟಾರ್ಷನ್ ಪಡೆಯುವುದು ಸಾಧ್ಯವಾಯಿತು. ನೆರೆಹೊರೆಯವರಿಗೆ ಇದರಿಂದ ಉಪಕಾರವಾದರೂ ಪ್ರತಿಧ್ವನಿ ಯಂತ್ರಗಳಿಗೆ ಸ್ಥಳವಿಲ್ಲದಂತಾಯಿತು. ಮುಂದೆ ಇಟ್ಟರೆ ಕೆಸರು, ಹಿಂದೆ ಇಡಲು ಬಾಗಿಲೇ ಇಲ್ಲ. 1980ರ ದಶಕದಲ್ಲಿ ಸ್ಟುಡಿಯೋ ಮಾದರಿಯ ರ‍್ಯಾಕ್ ಯಂತ್ರಗಳನ್ನು ವಾದಕರು ವೇದಿಕೆಗೆ ತರತೊಡಗಿದಾಗ ಈ ಕೊರತೆ ಎದ್ದು ಕಂಡಿತು. 1981ರಲ್ಲಿ ಬಂದ ಜೆಸಿಎಂ 800 ಸರಣಿಯ ಹೆಸರಾಂತ 2203ರಲ್ಲಿ ಲೂಪ್ ಇರಲಿಲ್ಲ. 1990ರ ಜೆಸಿಎಂ 900 ಸರಣಿಯಲ್ಲಿ ಅದು ಬಂದಿತು.

ಜೋಡಣೆಯ ಮೂರು ದಾರಿಗಳು

ಅತ್ಯಂತ ಸರಳವಾದುದು ಇಡೀ ಪೆಡಲನ್ನು ಲೂಪಿನೊಳಗೆ ಇಡುವುದು. ಗಿಟಾರ್ ನೇರವಾಗಿ ಆಂಪ್ಲಿಫೈಯರಿನ ಇನ್‌ಪುಟ್‌ಗೆ ಹೋಗುತ್ತದೆ. ಸೆಂಡ್‌ನಿಂದ ಪೆಡಲಿನ ಇನ್‌ಪುಟ್‌ಗೆ ಒಂದು ಕೇಬಲ್, ಪೆಡಲಿನ ಔಟ್‌ಪುಟ್‌ನಿಂದ ರಿಟರ್ನ್‌ಗೆ ಇನ್ನೊಂದು. ಡಿಲೇ, ರಿವರ್ಬ್, ಕೋರಸ್ ಮಾತ್ರ ಸಾಕೆನ್ನುವವರಿಗೆ ಇದು ಧಾರಾಳವಾಯಿತು. ಪೆಡಲಿನೊಳಗಿನ ವಾ, ಓವರ್‌ಡ್ರೈವ್‌ಗಳನ್ನು ಮಾತ್ರ ಈ ಸ್ಥಾನದಲ್ಲಿ ಮರೆತುಬಿಡಬೇಕು.

ಎರಡನೆಯದು ಆಂಪ್ಲಿಫೈಯರಿನ ಪ್ರೀ-ಆಂಪನ್ನೇ ಬದಿಗಿರಿಸುವುದು. ಗಿಟಾರ್ ಪೆಡಲಿಗೆ, ಪೆಡಲ್ ನೇರವಾಗಿ ರಿಟರ್ನ್‌ಗೆ. ಪೆಡಲಿನಲ್ಲಿ ಅಡಕವಾಗಿರುವ ಕೃತಕ ಆಂಪ್ ಮಾದರಿಗಳೇ ಇಲ್ಲಿ ಪ್ರೀ-ಆಂಪ್ ಆಗುತ್ತವೆ. ಸ್ಪೀಕರ್ ಪೆಟ್ಟಿಗೆಯನ್ನು ಅನುಕರಿಸುವ ಕ್ಯಾಬಿನೆಟ್ ಸಿಮ್ಯುಲೇಷನ್ ಎಂಬ ಸೌಲಭ್ಯವನ್ನು ಆರಿಸಬೇಕು. ನಿಜವಾದ ಸ್ಪೀಕರ್ ಎದುರಿಗೇ ಇರುವಾಗ ಅನುಕರಣೆಯೂ ಸೇರಿದರೆ ಧ್ವನಿ ಕಂಬಳಿ ಹೊದ್ದಂತೆ ಮಂಕಾಗುತ್ತದೆ. ಆಂಪ್ಲಿಫೈಯರಿನ ಗೇನ್ ಮತ್ತು ಟೋನ್ ಗುಂಡಿಗಳು ಸಾಮಾನ್ಯವಾಗಿ ಈಗ ಕೆಲಸ ಮಾಡುವುದಿಲ್ಲ. ಕೆಲವು ಮಾದರಿಗಳಲ್ಲಿ ಮಾಸ್ಟರ್ ವಾಲ್ಯೂಮ್ ಕೂಡ ಲೂಪಿಗಿಂತ ಮೊದಲೇ ಇರುವುದರಿಂದ ಅದನ್ನು ಸೊನ್ನೆಗೆ ಇಳಿಸಿದರೂ ಸದ್ದು ಪೂರ್ಣ ಪ್ರಮಾಣದಲ್ಲಿ ಸಿಡಿಯಬಹುದು. ಪೆಡಲಿನ ಔಟ್‌ಪುಟ್ ಗುಂಡಿಯನ್ನು ಸೊನ್ನೆಯಲ್ಲಿಟ್ಟು ನಿಧಾನವಾಗಿ ಏರಿಸುವುದು ಕಿವಿಗೂ ಸ್ಪೀಕರಿಗೂ ಕ್ಷೇಮ.

ಮೂರನೆಯದು ನಾಲ್ಕು ಕೇಬಲ್ ವಿಧಾನವೆಂದೇ ಪ್ರಸಿದ್ಧ. ಆಂಪ್ಲಿಫೈಯರಿನ ಸ್ವಂತ ಡಿಸ್ಟಾರ್ಷನ್ನೂ ಬೇಕು, ಪೆಡಲಿನ ಎಲ್ಲ ಪರಿಣಾಮಗಳೂ ತಮ್ಮ ಸರಿಯಾದ ಸ್ಥಾನದಲ್ಲಿ ಬೇಕು ಎನ್ನುವವರಿಗೆ ಇದೇ ಉತ್ತರ. ಆದರೆ ಪೆಡಲಿಗೂ ತನ್ನದೇ ಆದ ಸೆಂಡ್, ರಿಟರ್ನ್ ಜ್ಯಾಕ್‌ಗಳಿರಬೇಕು. ಬಾಸ್ ಕಂಪನಿಯ ಜಿಎಕ್ಸ್-100, ಲೈನ್ 6 ಕಂಪನಿಯ ಹೆಲಿಕ್ಸ್ ಮತ್ತು ಎಚ್‌ಎಕ್ಸ್ ಸ್ಟಾಂಪ್‌ಗಳಲ್ಲಿ ಇವೆ. ಅಗ್ಗದ ಅನೇಕ ಮಾದರಿಗಳಲ್ಲಿ ಇಲ್ಲ. ಕೊಳ್ಳುವ ಮುನ್ನ ಪೆಡಲಿನ ಹಿಂಬದಿಯನ್ನು ತಿರುಗಿಸಿ ನೋಡುವುದು ಒಳ್ಳೆಯದು.

ಮೊದಲ ಕೇಬಲ್ ಗಿಟಾರಿನಿಂದ ಪೆಡಲಿನ ಇನ್‌ಪುಟ್‌ಗೆ. ಎರಡನೆಯದು ಪೆಡಲಿನ ಸೆಂಡ್‌ನಿಂದ ಆಂಪ್ಲಿಫೈಯರಿನ ಮುಂಬದಿಯ ಇನ್‌ಪುಟ್‌ಗೆ. ಮೂರನೆಯದು ಆಂಪ್ಲಿಫೈಯರಿನ ಸೆಂಡ್‌ನಿಂದ ಪೆಡಲಿನ ರಿಟರ್ನ್‌ಗೆ. ನಾಲ್ಕನೆಯದು ಪೆಡಲಿನ ಔಟ್‌ಪುಟ್‌ನಿಂದ ಆಂಪ್ಲಿಫೈಯರಿನ ರಿಟರ್ನ್‌ಗೆ. ಬಳಿಕ ಪೆಡಲಿನ ಪರದೆಯಲ್ಲಿ ಕಾಣುವ ಸರಪಳಿಯಲ್ಲಿ ಸೆಂಡ್-ರಿಟರ್ನ್ ಎಂಬ ಕೊಂಡಿಯನ್ನು ಮಧ್ಯದಲ್ಲಿ ಇರಿಸಬೇಕು. ಅದರ ಎಡಕ್ಕಿರುವುದೆಲ್ಲ ಪ್ರೀ-ಆಂಪ್‌ಗೆ ಮೊದಲು, ಬಲಕ್ಕಿರುವುದೆಲ್ಲ ಪ್ರೀ-ಆಂಪ್ ನಂತರ ಕೆಲಸ ಮಾಡುತ್ತದೆ. ಪೆಡಲಿನ ಕೃತಕ ಆಂಪ್ ಮಾದರಿಯನ್ನು ಆರಿಸದೆ ಬಿಟ್ಟರೆ ಪ್ರೀ-ಆಂಪ್ ಮೇಲೆ ಪ್ರೀ-ಆಂಪ್ ಹೇರಿದಂತಾಗುತ್ತದೆ. ಈ ವಿಧಾನದಲ್ಲಿ ಎಡವುವವರಲ್ಲಿ ಬಹುಪಾಲು ಜನ ಎಡವುವುದು ಇಲ್ಲಿಯೇ ಎಂಬುದು ಈ ವರದಿಗಾರನ ಅನಿಸಿಕೆ.

ಹಾಗೆಂದು ಎಲ್ಲರಿಗೂ ನಾಲ್ಕು ಕೇಬಲ್ ಬೇಕೆಂದಿಲ್ಲ. ಆಂಪ್ಲಿಫೈಯರನ್ನು ಯಾವಾಗಲೂ ಶುದ್ಧ ಧ್ವನಿಯಲ್ಲೇ ಇಟ್ಟುಕೊಂಡು ಡಿಸ್ಟಾರ್ಷನನ್ನು ಪೆಡಲಿನಿಂದಲೇ ಪಡೆಯುವವರು ಮುಂಬದಿಯ ಇನ್‌ಪುಟ್ ಬಳಸಿದರೆ ನಷ್ಟವೇನೂ ಇಲ್ಲ. ಆರ್ಕೆಸ್ಟ್ರಾಗಳಲ್ಲಿ ಪೆಡಲನ್ನು ನೇರವಾಗಿ ಮಿಕ್ಸರಿಗೆ ಕೊಡುವುದಾದರೆ ಲೂಪಿನ ಪ್ರಶ್ನೆಯೇ ಉದ್ಭವಿಸದು. ಅಲ್ಲಿ ಕ್ಯಾಬಿನೆಟ್ ಸಿಮ್ಯುಲೇಷನ್ ಉರಿಯುತ್ತಿರಲೇಬೇಕು.

ಮಟ್ಟದ ಲೆಕ್ಕ

ಸರಿಯಾಗಿ ಜೋಡಿಸಿದ ಮೇಲೂ ಧ್ವನಿ ಕರ್ಕಶವಾಗಿಯೋ ಸಪ್ಪೆಯಾಗಿಯೋ ಕೇಳಿಸಿದರೆ ಸಂಕೇತದ ಮಟ್ಟವನ್ನು ಶಂಕಿಸಬೇಕು. ವೃತ್ತಿಪರ ರ‍್ಯಾಕ್ ಯಂತ್ರಗಳು ಬಳಸುವ +4 ಡಿಬಿಯು ಮಟ್ಟವೆಂದರೆ ಸುಮಾರು 1.23 ವೋಲ್ಟ್. ಗೃಹಬಳಕೆಯ ಉಪಕರಣಗಳ -10 ಡಿಬಿವಿ ಮಟ್ಟ ಸುಮಾರು 0.32 ವೋಲ್ಟ್. ಲೂಪಿನಿಂದ ಹೆಚ್ಚಿನ ಮಟ್ಟದ ಸಂಕೇತ ಬಂದು, ಪೆಡಲ್ ಗಿಟಾರಿನ ಮಟ್ಟವನ್ನು ನಿರೀಕ್ಷಿಸುತ್ತಿದ್ದರೆ ಅದರ ಇನ್‌ಪುಟ್ ತುಂಬಿ ತುಳುಕುತ್ತದೆ. ರೋಲ್ಯಾಂಡ್ ಜೆಸಿ-120ರಂತಹ ಆಂಪ್ಲಿಫೈಯರಿನ ಲೂಪಿನ ಬಳಿ ಮಟ್ಟ ಬದಲಿಸುವ ಸ್ವಿಚ್ ಇದೆ. ಹೆಲಿಕ್ಸ್‌ನಲ್ಲಿ 'ಇನ್‌ಸ್ಟ್ರುಮೆಂಟ್' ಅಥವಾ 'ಲೈನ್' ಎಂದು ಆಯ್ದುಕೊಳ್ಳಬಹುದು.

ಅದೇ ಜೆಸಿ-120ರಲ್ಲಿ ಸೀರೀಸ್, ಪ್ಯಾರಲಲ್ ಎಂಬ ಇನ್ನೊಂದು ಸ್ವಿಚ್ ಕೂಡ ಇದೆ. ಸೀರೀಸ್‌ನಲ್ಲಿ ಇಡೀ ಸಂಕೇತ ಪೆಡಲಿನ ಮೂಲಕವೇ ಹಾದುಹೋಗುತ್ತದೆ. ಪ್ಯಾರಲಲ್‌ನಲ್ಲಿ ಮೂಲ ಸಂಕೇತ ಒಳಗೇ ಹರಿದು, ಪೆಡಲಿನಿಂದ ಮರಳಿದ್ದು ಅದರೊಂದಿಗೆ ಬೆರೆಯುತ್ತದೆ. ಡಿಜಿಟಲ್ ಪೆಡಲ್ ಸಂಕೇತವನ್ನು ಸಂಸ್ಕರಿಸಲು ಸೆಕೆಂಡಿನ ಕೆಲವೇ ಸಾವಿರದ ಒಂದಂಶಗಳಷ್ಟಾದರೂ ಕಾಲ ತೆಗೆದುಕೊಳ್ಳುವುದರಿಂದ ಎರಡೂ ಸೇರಿದಾಗ ಕೆಲವು ಕಂಪನಗಳು ಪರಸ್ಪರ ಅಳಿಸಿಹೋಗಿ ಧ್ವನಿ ಪೊಳ್ಳಾಗುತ್ತದೆ. ನಾಲ್ಕು ಕೇಬಲ್ ವಿಧಾನಕ್ಕೆ ಸೀರೀಸ್ ಲೂಪೇ ಬೇಕು.

ಗುಂಯ್ ಸದ್ದು ಮತ್ತು ಪ್ರಾಣದ ಪ್ರಶ್ನೆ

ನಾಲ್ಕು ಕೇಬಲ್ ಜೋಡಿಸಿದ ಕೂಡಲೇ ಸ್ಪೀಕರಿನಿಂದ ಗುಂಯ್ ಎಂಬ ನಿರಂತರ ಸದ್ದು ಬರಬಹುದು. ಪೆಡಲ್ ಮತ್ತು ಆಂಪ್ಲಿಫೈಯರ್ ನಡುವೆ ಒಂದಕ್ಕಿಂತ ಹೆಚ್ಚು ಭೂಸಂಪರ್ಕದ ದಾರಿಗಳು ಏರ್ಪಟ್ಟು, ನಮ್ಮ 50 ಹರ್ಟ್ಜ್ ವಿದ್ಯುತ್ತಿನ ಕಂಪನ ಆ ಕುಣಿಕೆಯಲ್ಲಿ ಸಿಲುಕುವುದೇ ಇದಕ್ಕೆ ಕಾರಣ. ಕುಣಿಕೆಯ ವಿಸ್ತಾರ ಕಡಿಮೆಯಾದಷ್ಟೂ ಸದ್ದು ಕುಗ್ಗುತ್ತದೆ. ಆದ್ದರಿಂದ ಪೆಡಲಿನಿಂದ ಆಂಪ್ಲಿಫೈಯರಿಗೆ ಹೋಗುವ ಮೂರೂ ಕೇಬಲ್‌ಗಳನ್ನು ಟೇಪಿನಿಂದ ಒಟ್ಟಿಗೆ ಕಟ್ಟಬೇಕು. ಎರಡೂ ಉಪಕರಣಗಳಿಗೆ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ವಿದ್ಯುತ್ ಕೊಡಬೇಕು. ಪೆಡಲಿಗೆ ಯುಎಸ್‌ಬಿ ಮೂಲಕ ಲ್ಯಾಪ್‌ಟಾಪ್ ಜೋಡಿಸಿದ್ದರೆ ಅದನ್ನು ಬಿಡಿಸಿ ನೋಡಬೇಕು. ಆಗಲೂ ಸದ್ದು ನಿಲ್ಲದಿದ್ದರೆ ಪೆಡಲಿನ ಸೆಂಡ್ ಮತ್ತು ಆಂಪ್ಲಿಫೈಯರಿನ ಇನ್‌ಪುಟ್ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರುವ ಸಣ್ಣ ಡಬ್ಬಿಯೊಂದನ್ನು ಇಡಬಹುದು.

ಮಾಡಬಾರದ ಕೆಲಸವೊಂದಿದೆ. ಆಂಪ್ಲಿಫೈಯರಿನ ಮೂರು ಪಿನ್ನಿನ ಪ್ಲಗ್‌ನಲ್ಲಿ ಅರ್ಥ್ ಪಿನ್ನನ್ನು ಕಿತ್ತರೆ ಅಥವಾ ವೈರ್ ಬಿಡಿಸಿದರೆ ಸದ್ದು ನಿಂತುಬಿಡುತ್ತದೆ ಎಂಬ ಉಪಾಯ ಬಾಯಿಂದ ಬಾಯಿಗೆ ಹರಡಿದೆ. ಸದ್ದು ನಿಲ್ಲಲೂಬಹುದು. ಆದರೆ ಗಿಟಾರಿನ ತಂತಿಗಳು ಕೇಬಲಿನ ಮೂಲಕ ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ ಸೇರಿಕೊಂಡಿರುತ್ತವೆ. ಒಳಗೆ ಎಲ್ಲಿಯಾದರೂ ಸೋರಿಕೆಯಾದರೆ 230 ವೋಲ್ಟ್ ನೇರವಾಗಿ ವಾದಕನ ಬೆರಳಿಗೆ ಬರುತ್ತದೆ. ಆತ ಅದೇ ಕ್ಷಣದಲ್ಲಿ ಮೈಕನ್ನು ಮುಟ್ಟಿದರೆ ವಿದ್ಯುತ್ ಮೈಮೂಲಕ ಹರಿಯುತ್ತದೆ. 1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್‌ಸೀ ನಗರದ ವೇದಿಕೆಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ, ಸರಿಯಾದ ಭೂಸಂಪರ್ಕವಿಲ್ಲದ ಮೈಕನ್ನು ಮುಟ್ಟಿ ಪ್ರಾಣ ಕಳೆದುಕೊಂಡರು. ಗಣೇಶೋತ್ಸವದ ಪೆಂಡಾಲಿನಲ್ಲಿ, ಜನರೇಟರ್ ವಿದ್ಯುತ್ತಿನಲ್ಲಿ, ಮಳೆಗೆ ಒದ್ದೆಯಾದ ಹಲಗೆಗಳ ಮೇಲೆ ನಿಂತು ನುಡಿಸುವವರಿಗೆ ಈ ಅಪಾಯ ಹಳೆಯ ಕಥೆಯಲ್ಲ. ಅರ್ಥಿಂಗ್ ಸರಿಯಾಗಿದೆಯೇ ಎಂದು ಪರೀಕ್ಷಿಸುವಂತೆ ಧ್ವನಿವರ್ಧಕದವರನ್ನು ಕೇಳಲು ಸಂಕೋಚಪಡಬೇಕಿಲ್ಲ.

ಆಂಪ್ಲಿಫೈಯರಿನ ಹಿಂಬದಿಯಲ್ಲಿ ಸೆಂಡ್, ರಿಟರ್ನ್‌ಗಳ ಪಕ್ಕದಲ್ಲೇ ಸ್ಪೀಕರ್ ಔಟ್ ಜ್ಯಾಕ್ ಕೂಡ ಇರುವುದುಂಟು, ಮೂರೂ ನೋಡಲು ಒಂದೇ ತೆರ. ಸ್ಪೀಕರ್ ಔಟ್‌ನಿಂದ ಪೆಡಲಿಗೆ ಕೇಬಲ್ ಕೊಟ್ಟರೆ ಪೆಡಲ್ ಸುಟ್ಟುಹೋಗಬಹುದು. ವಾಲ್ವ್ ಆಂಪ್ಲಿಫೈಯರಾದರೆ ಸ್ಪೀಕರಿನ ಹೊರೆಯಿಲ್ಲದೆ ಅದರ ಟ್ರಾನ್ಸ್‌ಫಾರ್ಮರಿಗೂ ಹಾನಿಯಾಗುತ್ತದೆ. ಕತ್ತಲ ವೇದಿಕೆಯಲ್ಲಿ ಅವಸರದಿಂದ ಜೋಡಿಸುವವರು ಕೇಬಲ್‌ಗಳ ಎರಡೂ ತುದಿಗೆ ಬಣ್ಣದ ಟೇಪ್ ಸುತ್ತಿಟ್ಟುಕೊಳ್ಳುವುದು ಉತ್ತಮ. ಜೋಡಿಸುವಾಗ ಎಲ್ಲ ಉಪಕರಣಗಳೂ ಆರಿರಬೇಕು. ಹೊತ್ತಿಸುವಾಗ ಮೊದಲು ಪೆಡಲ್, ಕೊನೆಗೆ ಆಂಪ್ಲಿಫೈಯರ್. ಆರಿಸುವಾಗ ಮೊದಲು ಆಂಪ್ಲಿಫೈಯರ್.

ಎಲ್ಲ ಮುಗಿದ ಮೇಲೆ ಪೆಡಲಿನ ಎಲ್ಲ ಪರಿಣಾಮಗಳನ್ನೂ ಆರಿಸಿ ಒಂದು ಸ್ವರ ನುಡಿಸಿ ನೋಡಬೇಕು. ನಂತರ ಲೂಪಿನ ಕೇಬಲ್‌ಗಳನ್ನು ತೆಗೆದು, ಗಿಟಾರನ್ನು ನೇರವಾಗಿ ಆಂಪ್ಲಿಫೈಯರಿಗೆ ಕೊಟ್ಟು ಅದೇ ಸ್ವರವನ್ನು ಅಷ್ಟೇ ಬಲದಿಂದ ನುಡಿಸಬೇಕು. ಎರಡರ ಗಟ್ಟಿತನದಲ್ಲಿ ವ್ಯತ್ಯಾಸವಿದ್ದರೆ ಪೆಡಲಿನ ಸೆಂಡ್ ಮತ್ತು ರಿಟರ್ನ್ ಮಟ್ಟಗಳನ್ನು ಸಮವಾಗುವವರೆಗೆ ತಿದ್ದಬೇಕು. ಡಿಲೇ, ರಿವರ್ಬ್‌ಗಳನ್ನು ಹೊತ್ತಿಸುವುದು ಅದಾದ ಮೇಲೆಯೇ.