ನ್ಯಾಚುರಲ್ ಕೆಂಪು ವೈನ್: ಇದು ರುಚಿನಾ, ಕೆಟ್ಟು ಹೋಗಿದ್ದಾ?

ಇವತ್ತಿನ ಎಪಿಸೋಡ್ ‘ನ್ಯಾಚುರಲ್ ವೈನ್’ ಬಗ್ಗೆ. ರೀಲ್ಸ್‌ನಲ್ಲಿ, ಮೆನು ಕಾರ್ಡ್‌ನಲ್ಲಿ ಈ ಪದ ನೋಡಿರ್ತೀರಿ. ಅದರ ಪಕ್ಕದಲ್ಲಿರೋ ಬೆಲೆನೂ ನೋಡಿರ್ತೀರಿ. ಬಿ.ಕಾಂ ಓದಿದ ನನ್ನ ಕಣ್ಣಿಗೆ ಮೊದಲು ಬೀಳೋದು ಬೆಲೆನೇ. ಅಷ್ಟು ದುಡ್ಡು ಕೊಟ್ಟು ತರಿಸಿದ ಗ್ಲಾಸ್‌ನಿಂದ ಏನೋ ವಿಚಿತ್ರ ವಾಸನೆ ಬಂದ್ರೆ, ‘ಅದು ಈ ವೈನ್‌ನ ಕ್ಯಾರೆಕ್ಟರ್ ಸಾರ್’ ಅನ್ನೋ ಉತ್ತರಕ್ಕೆ ತಲೆ ಆಡಿಸಬೇಕಾ, ಇಲ್ಲ ವಾಪಸ್ ಕಳಿಸಬೇಕಾ? ಇದೇ ಇವತ್ತಿನ ಪ್ರಶ್ನೆ.

ಉದಾಹರಣೆಗೆ ಒಂದೇ ಊರು ಹಿಡ್ಕೊಳ್ಳೋಣ: ಫ್ರಾನ್ಸಿನ ಬೋಜೊಲೆ ಪ್ರದೇಶದ ಮೊರ್ಗೊನ್. ಅಲ್ಲಿ ಬೆಳೆಯೋ ದ್ರಾಕ್ಷಿ ಗಾಮೆ. (ಪಕ್ಕದ ಬರ್ಗಂಡಿಯ ಡ್ಯೂಕ್ ಫಿಲಿಪ್ 1395ರಲ್ಲೇ ಈ ಬಳ್ಳಿ ಕಿತ್ತುಹಾಕಿ ಅಂತ ಆಜ್ಞೆ ಹೊರಡಿಸಿದ್ದ. ಬೋಜೊಲೆಯಲ್ಲಿ ಮಾತ್ರ ಅದು ಚೆನ್ನಾಗಿ ಬೇರೂರಿತು.) ಮಾರ್ಸೆಲ್ ಲಾಪಿಯೆರ್ ಅನ್ನೋವ್ರು 1973ರಲ್ಲಿ ಮನೆತನದ ತೋಟ ವಹಿಸ್ಕೊಂಡ್ರು. ಆಮೇಲೆ ಜೂಲ್ ಶೋವೆ ಅನ್ನೋ ವೈನ್ ವ್ಯಾಪಾರಿಯ ಪ್ರಭಾವಕ್ಕೆ ಬಂದ್ರು. ಶೋವೆ ರಸಾಯನಶಾಸ್ತ್ರ ಬಲ್ಲವರು, ಗಂಧಕ ಹಾಕದೆ ವೈನ್ ಮಾಡೋದನ್ನ ಪ್ರಯೋಗ ಮಾಡಿ ನೋಡಿದವರು. ಇವತ್ತಿನ ನ್ಯಾಚುರಲ್ ವೈನ್ ಅಲೆಗೆ ದೊಡ್ಡ ಪ್ರೇರಣೆ ಇವರಿಬ್ಬರದ್ದು.

ವಿಧಾನ ನಮಗೆ ಹೊಸದೇನಲ್ಲ. ದೋಸೆ ಹಿಟ್ಟಿಗೆ ನಮ್ಮಮ್ಮಂದಿರು ಯೀಸ್ಟ್ ಪ್ಯಾಕೆಟ್ ಹಾಕಲ್ಲ ಅಲ್ವಾ? ಅಕ್ಕಿ, ಉದ್ದಿನ ಮೇಲೇ ಇರೋ ಸೂಕ್ಷ್ಮಜೀವಿಗಳು ರಾತ್ರಿಯೆಲ್ಲ ಕೆಲಸ ಮಾಡುತ್ತವೆ. ಚಳಿ ಇದ್ರೆ ಹಿಟ್ಟು ಉಬ್ಬಲ್ಲ, ಸೆಖೆ ಜಾಸ್ತಿಯಾದ್ರೆ ಹುಳಿಯಾಗುತ್ತೆ. ನ್ಯಾಚುರಲ್ ವೈನ್ ಕೂಡ ಹೀಗೇ, ಹಣ್ಣಿನ ಮೇಲೆ ಮತ್ತು ನೆಲಮಾಳಿಗೆಯಲ್ಲಿ ಇರೋ ಯೀಸ್ಟ್‌ನಿಂದಲೇ ಹುದುಗಬೇಕು. ವ್ಯತ್ಯಾಸ ಏನಂದ್ರೆ, ಹಿಟ್ಟು ಕೆಟ್ರೆ ಒಂದು ದಿನದ ತಿಂಡಿ ಹೋಗುತ್ತೆ, ಅಲ್ಲಿ ಒಂದು ವರ್ಷದ ಬೆಳೆ ಹೋಗುತ್ತೆ. ಮಾಮೂಲಿ ವೈನ್‌ಗೆ ಸಲ್ಫರ್ ಡೈಆಕ್ಸೈಡ್ ಹಾಕೋದು ಅದಕ್ಕೇ. ಬೇಡದ ಬ್ಯಾಕ್ಟೀರಿಯಾ ತಡೆಯುತ್ತೆ, ಗಾಳಿ ತಾಗಿ ಹಾಳಾಗದಂತೆ ನೋಡಿಕೊಳ್ಳುತ್ತೆ. ಯುರೋಪಿನಲ್ಲಿ ಸಿಹಿಯಿಲ್ಲದ ಕೆಂಪು ವೈನ್‌ಗೆ ಲೀಟರ್‌ಗೆ ಒಟ್ಟು 150 ಮಿಲಿಗ್ರಾಂವರೆಗೆ ಅವಕಾಶ ಇದೆ. ಫ್ರಾನ್ಸಿನಲ್ಲಿ 2020ರಲ್ಲಿ ಬಂದ ‘ವ್ಯಾಂ ಮೆಥೋಡ್ ನತ್ಯೂರ್’ ನಿಯಮದ ಪ್ರಕಾರ 30 ಮಿಲಿಗ್ರಾಂ ದಾಟೋ ಹಾಗಿಲ್ಲ. ಏನೂ ಹಾಕದಿದ್ರೂ ಯೀಸ್ಟ್ ತಾನೇ ಸ್ವಲ್ಪ ಸಲ್ಫೈಟ್ ಉತ್ಪತ್ತಿ ಮಾಡುತ್ತೆ, ಹಾಗಾಗಿ ಲೇಬಲ್ ಮೇಲೆ ‘ಸಲ್ಫೈಟ್ ಇದೆ’ ಅಂತಿದ್ರೆ ಮೋಸ ಅಂದ್ಕೋಬೇಡಿ.

ಈಗ ಗ್ಲಾಸ್‌ಗೆ ಬರೋಣ. ಮೊದಲು ಬಾಟಲಿನ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಕೆಂಪು ವೈನ್ ‘ರೂಮ್ ಟೆಂಪರೇಚರ್’ನಲ್ಲಿ ಕುಡೀಬೇಕು ಅನ್ನೋ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆ ಮನೆಗಳಲ್ಲಿ, ನಮ್ಮ ಏಪ್ರಿಲ್ ತಿಂಗಳಲ್ಲಿ ಅಲ್ಲ. ಬಣ್ಣ ತೆಳು ಕೆಂಪು, ಸ್ವಲ್ಪ ಮಬ್ಬು ಇರಬಹುದು. ಸೋಸದೆ ತುಂಬಿದ್ರೆ ಹಾಗಾಗುತ್ತೆ, ಅದು ದೋಷ ಅಲ್ಲ. ಮೂಗಿಗೆ ಮೊದಲು ಬೆಂದ ಮೊಟ್ಟೆ ಅಥವಾ ಗೀರಿದ ಬೆಂಕಿಕಡ್ಡಿ ವಾಸನೆ ಬಂದ್ರೂ ಗಾಬರಿ ಬೇಡ, ಗ್ಲಾಸ್ ತಿರುಗಿಸಿ ಐದು ನಿಮಿಷ ಬಿಡಿ. ಸಾಮಾನ್ಯವಾಗಿ ಹೋಗುತ್ತೆ.

ಆಮೇಲೆ ಹಣ್ಣಿನ ಪರಿಮಳ. ಪುಸ್ತಕಗಳು ಚೆರ್ರಿ, ರಾಸ್ಪ್‌ಬೆರಿ ಅನ್ನುತ್ತವೆ. ನನಗೆ ನೆನಪಾಗೋದು ಪುನರ್ಪುಳಿ ಶರಬತ್ತಿನ ಹುಳಿ, ಹಿಂದೆಯೇ ಚೂರು ಕರಿಮೆಣಸು. ನಾಲಿಗೆ ಮೇಲೆ ಏನಾಗುತ್ತೆ ಅನ್ನೋದಕ್ಕೆ ನಮ್ಮಲ್ಲಿ ಪಕ್ಕಾ ಪದ ಇದೆ: ಒಗರು. ನೇರಳೆ ಹಣ್ಣು ತಿಂದಾಗ ನಾಲಿಗೆ ಹಿಡಿದ ಹಾಗಾಗುತ್ತಲ್ಲ, ಅದೇ ಟ್ಯಾನಿನ್ ಕೆಲಸ. ಮೊರ್ಗೊನ್‌ನಲ್ಲಿ ಒಗರು ಕಮ್ಮಿ. ಕಾರಣ, ದ್ರಾಕ್ಷಿ ಹಿಂಡದೆ ಇಡೀ ಗೊಂಚಲನ್ನೇ ತೊಟ್ಟಿಗೆ ಹಾಕ್ತಾರೆ. ಕಾರ್ಬನ್ ಡೈಆಕ್ಸೈಡ್ ತುಂಬಿದ ಆ ಜಾಗದಲ್ಲಿ ಹುದುಗು ಶುರುವಾಗೋದು ಹಣ್ಣಿನ ಒಳಗೇ. ಸಿಪ್ಪೆ ಅರೆದು ಒಗರು ಬಿಡೋ ಪ್ರಮೇಯ ಕಮ್ಮಿ.

ಇನ್ನು ದೋಷದ ಮಾತು. ನೈಲ್ ಪಾಲಿಶ್, ವಿನೆಗರ್ ವಾಸನೆ ಮೂಗಿಗೆ ಹೊಡೆದ್ರೆ ನಾನಂತೂ ವಾಪಸ್ ಕೊಡ್ತೀನಿ. ಆದ್ರೆ ನಿಜವಾದ ಕಳ್ಳ ಬೇರೆ ಇದ್ದಾನೆ, ಇಲಿ ವಾಸನೆ. ವೈನ್ ಜಗತ್ತಿನಲ್ಲಿ ಅದಕ್ಕೆ ಹೆಸರೇ ‘ಮೌಸ್’. ಎಷ್ಟು ಮೂಸಿದ್ರೂ ಸಿಗಲ್ಲ, ಯಾಕಂದ್ರೆ ವೈನ್‌ನ ಹುಳಿಯಲ್ಲಿ ಆ ಅಂಶ ಗಾಳಿಗೆ ಏಳೋದೇ ಇಲ್ಲ. ನುಂಗಿದ ಮೇಲೆ ಜೊಲ್ಲು ಆ ಹುಳಿ ತಗ್ಗಿಸಿದಾಗ, 10-20 ಸೆಕೆಂಡ್ ಬಿಟ್ಟು, ಗಂಟಲ ಹಿಂದಿನಿಂದ ಹಳಸಿದ ಪಾಪ್‌ಕಾರ್ನ್, ಇಲಿ ಗೂಡಿನ ಥರ ಏಳುತ್ತೆ. ಕೆಲವರಿಗೆ ಇದು ಗೊತ್ತೇ ಆಗಲ್ಲ. ಒಂದೇ ಟೇಬಲ್‌ನಲ್ಲಿ ಒಬ್ಬ ಆಹಾ ಅನ್ನೋದು, ಇನ್ನೊಬ್ಬ ಮುಖ ಸಿಂಡರಿಸೋದು ಇದರಿಂದಲೇ ಇರಬಹುದು. ಸಲ್ಫರ್ ಕಮ್ಮಿ ಇರೋ ವೈನ್‌ನಲ್ಲಿ ಇದರ ಅಪಾಯ ಜಾಸ್ತಿ. ಇದನ್ನ ‘ಕ್ಯಾರೆಕ್ಟರ್’ ಅಂತ ಮಾರೋದು ನನ್ನ ಪ್ರಕಾರ ಸರಿಯಲ್ಲ.

‘ನ್ಯಾಚುರಲ್ ಕುಡಿದ್ರೆ ತಲೆನೋವು ಬರಲ್ಲ’ ಅನ್ನೋ ಡೈಲಾಗ್ ಕೂಡ ನಂಬಬೇಡಿ. ಆಸ್ತಮಾ ಇರೋ ಕೆಲವರಿಗೆ ಸಲ್ಫೈಟ್ ತೊಂದರೆ ಕೊಡೋದು ನಿಜ. ಆದ್ರೆ ಎಲ್ಲರ ತಲೆನೋವಿಗೂ ಅದೇ ಕಾರಣ ಅಂತ ಸಾಬೀತಾಗಿಲ್ಲ. ಆಲ್ಕೋಹಾಲ್ ಎರಡರಲ್ಲೂ ಇದೆ, ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿರೋದೂ ಅದೇ ಆಲ್ಕೋಹಾಲ್.

ಬೆಲೆಗೆ ವಾಪಸ್ ಬಂದ್ರೆ, ಕೈಯಲ್ಲೇ ಕೊಯ್ಲು, ಕೆಟ್ಟು ಹೋಗೋ ರಿಸ್ಕ್ ಎರಡೂ ಅದರೊಳಗೆ ಸೇರಿವೆ. ಅದರ ಮೇಲೆ ನಮ್ಮಲ್ಲಿ ವರ್ಷಗಟ್ಟಲೆ ಇದ್ದ 150 ಪರ್ಸೆಂಟ್ ಆಮದು ಸುಂಕ. ಇಷ್ಟು ಕೊಟ್ಟ ಮೇಲೂ ಬಾಟಲಿ ಬಿಸಿಲಲ್ಲಿ ನಿಂತ ಲಾರಿಯಲ್ಲಿ ಬೆಂದಿದ್ರೆ ದುಡ್ಡು ದಂಡ. ಲಾಪಿಯೆರ್ ತೋಟದವರು ಒಂದೇ ಮೊರ್ಗೊನನ್ನ ಎರಡು ಥರ ತುಂಬ್ತಾರೆ: ಸಲ್ಫರ್ ಇಲ್ಲದ್ದಕ್ಕೆ ಎನ್, ಚೂರು ಹಾಕಿದ್ದಕ್ಕೆ ಎಸ್. ಸೆಖೆ ಊರಿನವರಾದ ನಾವು ಎಸ್ ತಗೊಳ್ಳೋದೇ ಜಾಣತನ ಅಂತ ನನ್ನ ಲೆಕ್ಕ.

ಬಾಟಲಿ ಬದಲು ಗ್ಲಾಸ್ ಲೆಕ್ಕದಲ್ಲಿ ತರಿಸೋದಾದ್ರೆ, ಯಾವಾಗ ತೆರೆದಿದ್ದು ಅಂತ ಕೇಳಿ. ಗಾಳಿ ತಾಗಿದ ಮೇಲೆ ಇಲಿ ಇನ್ನೂ ಜೋರಾಗುತ್ತೆ. ‘ನಿನ್ನೆ’ ಅಂದ್ರೆ ಒಂದು ಗುಟುಕು ಟೇಸ್ಟ್‌ಗೆ ಕೊಡಿ ಅನ್ನಿ. ನುಂಗಿ, 20 ಸೆಕೆಂಡ್ ಮಾತಾಡದೆ ಕೂತ್ಕೊಳ್ಳಿ, ಆಮೇಲೆ ಆರ್ಡರ್ ಮಾಡಿ.